ಕ್ಯಾಮೆರಾಗೆ ಬ್ಯಾಟರಿ, ಚಾರ್ಜರ್, ಅಡಾಪ್ಟರ್: ಎಲ್ಲಿ ಹಣ ಉಳಿಸಬಹುದು, ಎಲ್ಲಿ ಉಳಿಸಬಾರದು

ಕ್ಯಾಮೆರಾ ಕೊಂಡ ಸ್ವಲ್ಪ ದಿನಕ್ಕೇ ಇನ್ನೊಂದು ಬ್ಯಾಟರಿ ಬೇಕು ಅನ್ನಿಸುತ್ತದೆ. ಹುಡುಕಲು ಕೂತರೆ ಗೊಂದಲ ಶುರು. ಕ್ಯಾಮೆರಾ ಕಂಪನಿಯದೇ ಬ್ಯಾಟರಿಗೆ ಒಂದು ಬೆಲೆ. ನೋಡಲು ಹಾಗೇ ಇರುವ ಬೇರೆ ಕಂಪನಿಯ ಬ್ಯಾಟರಿ ಅದರ ಅರ್ಧಕ್ಕೂ ಕಡಿಮೆ. ಎರಡು ಬ್ಯಾಟರಿ, ಒಂದು ಚಾರ್ಜರ್, ಒಂದು ಕೇಬಲ್ ಎಲ್ಲ ಸೇರಿದ ಕಟ್ಟು ಅದಕ್ಕಿಂತಲೂ ಅಗ್ಗ. ಯಾವುದನ್ನು ನಂಬುವುದು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬ್ಯಾಟರಿಯಲ್ಲಿ ಯೋಚನೆ ಮಾಡಿ ಒಂದಿಷ್ಟು ಹಣ ಉಳಿಸಬಹುದು. ಚಾರ್ಜರ್ ಮತ್ತು ಗೋಡೆಯ ಸಾಕೆಟ್‌ಗೆ ಸಿಕ್ಕಿಸುವ ಅಡಾಪ್ಟರ್‌ನಲ್ಲಿ ಉಳಿಸಬಾರದು. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ದುಡ್ಡು ಕೊಟ್ಟು ಒಳ್ಳೆಯ ಬ್ಯಾಟರಿ ತರುತ್ತಾರೆ, ಮನೆಯಲ್ಲಿ ಬಿದ್ದಿದ್ದ ಹೆಸರಿಲ್ಲದ ಚಾರ್ಜರ್‌ನಲ್ಲಿ ಅದನ್ನು ರಾತ್ರಿಯಿಡೀ ಬಿಟ್ಟು ಮಲಗುತ್ತಾರೆ. ಲಿಥಿಯಂ ಅಯಾನ್ ಬ್ಯಾಟರಿಗೆ ಅಪಾಯ ಜಾಸ್ತಿ ಇರುವುದು ಚಾರ್ಜ್ ಆಗುವ ಹೊತ್ತಿನಲ್ಲಿ. ಸಾಧಾರಣ ಬ್ಯಾಟರಿಯೂ ಒಳ್ಳೆಯ ಚಾರ್ಜರ್‌ನಲ್ಲಿ ಬಹುಪಾಲು ಸುರಕ್ಷಿತ. ಕೆಟ್ಟ ಚಾರ್ಜರ್ ಮಾತ್ರ ಎಂಥ ಬ್ಯಾಟರಿಯನ್ನಾದರೂ ಹಾಳು ಮಾಡಬಲ್ಲದು.

ಲೇಬಲ್ ಓದುವುದು ಹೇಗೆ

ಲಿಥಿಯಂ ಅಯಾನ್ ಸೆಲ್ ಒಂದರ ಸರಾಸರಿ ವೋಲ್ಟೇಜ್ 3.6 ಅಥವಾ 3.7. ಪೂರ್ತಿ ಚಾರ್ಜ್ ಆದಾಗ ಸಾಮಾನ್ಯವಾಗಿ 4.2. ಜೇಬಿಗೆ ಹಾಕಿಕೊಳ್ಳುವ ಚಿಕ್ಕ ಕ್ಯಾಮೆರಾಗಳಲ್ಲಿ ಒಂದೇ ಸೆಲ್ ಇರುತ್ತದೆ. ಲೆನ್ಸ್ ಬದಲಿಸುವ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಎರಡು ಸೆಲ್‌ಗಳು ಸಾಲಾಗಿ ಇರುತ್ತವೆ. ಅದಕ್ಕೇ ಲೇಬಲ್ ಮೇಲೆ 7.2 ಅಥವಾ 7.4 ವೋಲ್ಟ್ ಅಂತ ಬರೆದಿರುತ್ತದೆ. ಪೂರ್ತಿ ತುಂಬಿದಾಗ ಅದು 8.4. ಮೂಲ ಬ್ಯಾಟರಿ, ಅಂದರೆ ಕ್ಯಾಮೆರಾ ಕಂಪನಿಯದೇ ಬ್ಯಾಟರಿ ಮೇಲೆ 7.2, ಬೇರೆ ಕಂಪನಿಯದರ ಮೇಲೆ 7.4 ಅಂತಿದ್ದರೆ ಗಾಬರಿ ಬೇಡ. ಎರಡೂ ಒಂದೇ. ಆದರೆ 3.7 ಇರಬೇಕಾದ ಕಡೆ 7.4 ಇದ್ದರೆ ಅದು ನಿಮ್ಮ ಕ್ಯಾಮೆರಾದ ಬ್ಯಾಟರಿಯೇ ಅಲ್ಲ.

ಎಷ್ಟು ಶಕ್ತಿ ತುಂಬುತ್ತದೆ ಅನ್ನುವುದನ್ನು ಎಂಎಎಚ್, ಅಂದರೆ ಮಿಲಿಆಂಪ್-ಅವರ್ ಲೆಕ್ಕದಲ್ಲಿ ಬರೆಯುತ್ತಾರೆ. ವೋಲ್ಟೇಜ್ ಒಂದೇ ಇದ್ದಾಗ ಮಾತ್ರ ಈ ಸಂಖ್ಯೆಗಳನ್ನು ಹೋಲಿಸಬಹುದು. ಬೇರೆ ಬೇರೆ ಇದ್ದರೆ ವ್ಯಾಟ್-ಅವರ್ ನೋಡಿ. ವೋಲ್ಟ್ ಮತ್ತು ಆಂಪ್-ಅವರ್ ಗುಣಿಸಿದರೆ ಅದು ಸಿಗುತ್ತದೆ (1000 ಎಂಎಎಚ್ ಅಂದರೆ ಒಂದು ಆಂಪ್-ಅವರ್). ಸೋನಿಯ ಎನ್‌ಪಿ-ಎಫ್‌ಝಡ್100 ಬ್ಯಾಟರಿ 7.2 ವೋಲ್ಟ್, 2280 ಎಂಎಎಚ್. ಗುಣಿಸಿದರೆ 16.4 ವ್ಯಾಟ್-ಅವರ್. ಲೇಬಲ್ ಮೇಲಿನ ಈ ಮೂರು ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗಬೇಕು. ಆಗದಿದ್ದರೆ ಲೇಬಲ್ ಅಚ್ಚು ಹಾಕಿದವರಿಗೆ ಒಳಗೆ ಏನಿದೆ ಅಂತ ಗೊತ್ತಿಲ್ಲ, ಅಥವಾ ಹೇಳುವ ಮನಸ್ಸಿಲ್ಲ. ಅಂಥದ್ದನ್ನು ಬಿಟ್ಟುಬಿಡಿ.

ದೊಡ್ಡ ಸಂಖ್ಯೆ ಕಂಡಾಗಲೂ ಹುಷಾರು. ಕ್ಯಾನನ್‌ನ ಎಲ್‌ಪಿ-ಇ6 ಬ್ಯಾಟರಿಯನ್ನೇ ತೊಗೊಳ್ಳಿ. 2008ರಲ್ಲಿ ಬಂದಾಗ ಅದರ ಸಾಮರ್ಥ್ಯ 1800 ಎಂಎಎಚ್. ಆಮೇಲೆ ಬಂದ ಇ6ಎನ್ 1865. 2020ರ ಇ6ಎನ್‌ಎಚ್ 2130. ಅದೇ ಅಳತೆಯ ಡಬ್ಬಿಯಲ್ಲಿ ಇಷ್ಟು ಏರಿಸಲು ಅಷ್ಟು ದೊಡ್ಡ ಕಂಪನಿಗೆ 12 ವರ್ಷ ಹಿಡಿಯಿತು. ಯಾರೋ ಅದೇ ಡಬ್ಬಿಯಲ್ಲಿ 3000 ತುಂಬಿದ್ದೇವೆ ಅಂದರೆ, ಅದೂ ಕಾಲು ಬೆಲೆಗೆ, ನಂಬುವುದು ಹೇಗೆ? ಮೂಲ ಬ್ಯಾಟರಿಗೆ ಹತ್ತಿರದ ಅಥವಾ ಸ್ವಲ್ಪ ಕಡಿಮೆ ಸಂಖ್ಯೆ ಹೇಳುವ ಕಂಪನಿಯನ್ನೇ ನಾನು ಜಾಸ್ತಿ ನಂಬುತ್ತೇನೆ.

ಮೂಲ ಬ್ಯಾಟರಿ, ಬೇರೆ ಕಂಪನಿಯದು, ನಕಲಿ

ಇವು ಮೂರು ಬೇರೆ ಬೇರೆ. ಬೇರೆ ಕಂಪನಿ ತನ್ನದೇ ಹೆಸರು ಹಾಕಿ ಮಾರುವುದು ಒಂದು. ಕ್ಯಾಮೆರಾ ಕಂಪನಿಯ ಹೆಸರನ್ನೇ ಕದ್ದು ಹಾಕಿ ಮಾರುವುದು ಇನ್ನೊಂದು. ಮೊದಲನೆಯವರಿಗೆ ತಮ್ಮ ಹೆಸರು ಉಳಿಸಿಕೊಳ್ಳುವ ಚಿಂತೆ ಇರುತ್ತದೆ. ಎರಡನೆಯವರಿಗೆ ಆ ಚಿಂತೆಯೇ ಇಲ್ಲ. ಹಾಗಾಗಿ ಈ ಮೂರರಲ್ಲಿ ಅತಿ ಕೆಟ್ಟ ಆಯ್ಕೆ ಅಂದರೆ ಅರ್ಧ ಬೆಲೆಗೆ ಸಿಗುವ "ಒರಿಜಿನಲ್". ಹೆಸರಿರುವ ಬೇರೆ ಕಂಪನಿಯ ಬ್ಯಾಟರಿ ಅದಕ್ಕಿಂತ ಎಷ್ಟೋ ವಾಸಿ. ಹಾಲೋಗ್ರಾಂ ಸ್ಟಿಕರ್ ಒಂದನ್ನೇ ನೋಡಿ ನಂಬಬೇಡಿ, ಸ್ಟಿಕರನ್ನೂ ನಕಲು ಮಾಡುತ್ತಾರೆ. ಯಾರು ಮಾರುತ್ತಿದ್ದಾರೆ, ವಾಪಸ್ ತೊಗೊಳ್ಳುತ್ತಾರಾ ಅನ್ನುವುದು ಅದಕ್ಕಿಂತ ಮುಖ್ಯ.

ಬೆಲೆಯ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಸ್ವಲ್ಪ ಹೆಸರಿಗೆ, ಉಳಿದದ್ದು ಒಳಗಿನ ಭಾಗಗಳಿಗೆ. ಒಳ್ಳೆಯ ಪ್ಯಾಕ್‌ನಲ್ಲಿ ಸೆಲ್ ಜೊತೆ ಒಂದು ಚಿಕ್ಕ ರಕ್ಷಣಾ ಸರ್ಕ್ಯೂಟ್ ಇರುತ್ತದೆ. ಅತಿಯಾಗಿ ಚಾರ್ಜ್ ಆದರೆ, ತೀರಾ ಖಾಲಿಯಾದರೆ, ಶಾರ್ಟ್ ಆದರೆ ಅದು ಸಂಪರ್ಕ ಕಡಿದುಬಿಡುತ್ತದೆ. ಬಿಸಿ ಅಳೆಯುವ ಥರ್ಮಿಸ್ಟರ್ ಕೂಡ ಇರುತ್ತದೆ. ಬ್ಯಾಟರಿ ಮೇಲೆ ಪ್ಲಸ್, ಮೈನಸ್ ಬಿಟ್ಟು ಇನ್ನೊಂದೆರಡು ಪಟ್ಟಿಗಳು ಕಾಣುತ್ತವಲ್ವಾ, ಬಿಸಿಯ ಮಾಹಿತಿ ಚಾರ್ಜರ್‌ಗೆ ಹೋಗುವುದು ಅವುಗಳ ಮೂಲಕ. ತೀರಾ ಅಗ್ಗದ ಕೆಲವು ಪ್ಯಾಕ್‌ಗಳಲ್ಲಿ ಥರ್ಮಿಸ್ಟರ್ ಬದಲು ಬಿಸಿ ಅಳೆಯಲಾಗದ ಮಾಮೂಲಿ ರೆಸಿಸ್ಟರ್ ಕೂರಿಸಿರುತ್ತಾರೆ. ಆಗ ಬ್ಯಾಟರಿ ಕಾದು ಕೆಂಡವಾದರೂ ಚಾರ್ಜರ್‌ಗೆ "ಎಲ್ಲ ಸರಿ" ಅನ್ನುವ ಸಂದೇಶವೇ ಹೋಗುತ್ತದೆ. ಇದು ಹೊರಗಿನಿಂದ ಕಾಣುವುದಿಲ್ಲ. ಅದಕ್ಕೇ ಹೆಸರು, ಗ್ಯಾರಂಟಿ, ಪರೀಕ್ಷೆಯ ಗುರುತು ನೋಡಬೇಕಾಗುತ್ತದೆ.

ಗುರುತುಗಳಲ್ಲಿ ಎರಡು ಮುಖ್ಯ. ಯುಎನ್ 38.3 ಅನ್ನುವುದು ಸಾಗಾಟದ ಪರೀಕ್ಷೆ. ಅಲುಗಾಟ, ಪೆಟ್ಟು, ಶಾರ್ಟ್ ಸರ್ಕ್ಯೂಟ್, ಬಿಸಿ-ತಣ್ಣನೆಯ ಏರಿಳಿತ ಎಲ್ಲವನ್ನೂ ಬ್ಯಾಟರಿ ತಡೆಯಬೇಕು. ಐಇಸಿ 62133-2 ಅನ್ನುವುದು ಕೈಯಲ್ಲಿ ಒಯ್ಯುವ ಸಾಧನಗಳ ಲಿಥಿಯಂ ಬ್ಯಾಟರಿಯ ಸುರಕ್ಷತಾ ಮಾನದಂಡ. ಇವುಗಳ ವರದಿ ಇದೆಯಾ ಅಂತ ಮಾರುವವರನ್ನು ಕೇಳಿ. ಒಳ್ಳೆಯ ಕಂಪನಿಗಳು ಮುಚ್ಚಿಡುವುದಿಲ್ಲ. ಯುರೋಪಿನ ಸಿಇ ಗುರುತನ್ನು ಬಹಳ ವಸ್ತುಗಳ ಮೇಲೆ ತಯಾರಕರೇ ಹಾಕಿಕೊಳ್ಳುತ್ತಾರೆ, ಅದೊಂದೇ ಇದ್ದರೆ ಸಾಲದು.

ಹಾಗಂತ ಮೂಲ ಬ್ಯಾಟರಿಗೆ ತೊಂದರೆಯೇ ಬರುವುದಿಲ್ಲ ಅಂತಲ್ಲ. 2012ರಲ್ಲಿ ನಿಕಾನ್ ತನ್ನದೇ ಇಎನ್-ಇಎಲ್15 ಬ್ಯಾಟರಿಯ ಕೆಲವು ಬ್ಯಾಚ್‌ಗಳನ್ನು ವಾಪಸ್ ಕರೆಯಿತು. ಅವು ಅತಿಯಾಗಿ ಬಿಸಿಯಾಗುವ ಸಾಧ್ಯತೆ ಇತ್ತು. ಮೂಲ ಬ್ಯಾಟರಿಗೆ ಜಾಸ್ತಿ ಹಣ ಕೊಟ್ಟಾಗ ನಮಗೆ ಸಿಗುವುದು ಇದೇ: ದೋಷ ಕಂಡರೆ ಬ್ಯಾಚ್ ಸಂಖ್ಯೆ ಹಿಡಿದು ವಾಪಸ್ ಕರೆಯುವ ಒಬ್ಬರು ಇರುತ್ತಾರೆ.

ಹೊಂದಾಣಿಕೆಯ ವಿಷಯವೂ ಇದೆ. ಬೇರೆ ಕಂಪನಿಯ ಬ್ಯಾಟರಿ ಹಾಕಿದರೆ ಕೆಲವು ಕ್ಯಾಮೆರಾಗಳಲ್ಲಿ ಉಳಿದ ಚಾರ್ಜ್ ಎಷ್ಟು ಅಂತ ಸರಿಯಾಗಿ ತೋರಿಸುವುದಿಲ್ಲ. ಕೆಲವು ಎಚ್ಚರಿಕೆಯ ಸಂದೇಶ ತೋರಿಸುತ್ತವೆ. ಫರ್ಮ್‌ವೇರ್, ಅಂದರೆ ಕ್ಯಾಮೆರಾದೊಳಗಿನ ಸಾಫ್ಟ್‌ವೇರ್ ಬದಲಾದ ಮೇಲೆ ನಿನ್ನೆವರೆಗೆ ನಡೆದದ್ದು ಇವತ್ತು ನಡೆಯದೇ ಇರಬಹುದು. ಮೂಲ ಬ್ಯಾಟರಿಗಳ ಒಳಗೇ ವ್ಯತ್ಯಾಸಗಳಿವೆ. ನಿಕಾನ್ ಝಡ್6, ಝಡ್7 ಕ್ಯಾಮೆರಾಗಳಿಗೆ ಹಳೆಯ ಇಎನ್-ಇಎಲ್15 ಹಾಕಿದರೆ ಕ್ಯಾಮೆರಾ ನಡೆಯುತ್ತದೆ, ಆದರೆ ಯುಎಸ್‌ಬಿ ಮೂಲಕ ಒಳಗೇ ಚಾರ್ಜ್ ಆಗುವುದಿಲ್ಲ. ಅದಕ್ಕೆ 15ಬಿ ಅಥವಾ 15ಸಿ ಬೇಕು. ಕೊನೆಯ ಒಂದು ಅಕ್ಷರವನ್ನೂ ನೋಡಿಯೇ ಕೊಳ್ಳಿ.

ನನ್ನ ಸಲಹೆ ಕೇಳಿದರೆ, ಕ್ಯಾಮೆರಾ ಜೊತೆ ಬಂದ ಮೂಲ ಬ್ಯಾಟರಿ ಮುಖ್ಯವಾದದ್ದು. ಅದಕ್ಕೆ ಜೊತೆಯಾಗಿ ಹೆಸರಿರುವ ಬೇರೆ ಕಂಪನಿಯದು ಒಂದೋ ಎರಡೋ. ಮದುವೆ, ಸುದ್ದಿ, ಮತ್ತೆ ಸಿಗದ ಗಳಿಗೆಗಳನ್ನು ದುಡ್ಡಿಗಾಗಿ ತೆಗೆಯುವವರು ಎಲ್ಲವನ್ನೂ ಮೂಲದ್ದೇ ಇಟ್ಟುಕೊಳ್ಳಲಿ. ಅವರಿಗೆ ಒಂದು ಬ್ಯಾಟರಿ ಕೈಕೊಟ್ಟರೆ ಆಗುವ ನಷ್ಟ ಬೆಲೆಯ ವ್ಯತ್ಯಾಸಕ್ಕಿಂತ ದೊಡ್ಡದು.

ಹೊಸ ಬ್ಯಾಟರಿ ಕೈಗೆ ಬಂದ ಮೇಲೆ ಸುಮ್ನೆ ಚೀಲಕ್ಕೆ ಹಾಕಬೇಡಿ. ಮೂಲ ಬ್ಯಾಟರಿಯನ್ನೂ ಅದನ್ನೂ ಚಿಕ್ಕ ತಕ್ಕಡಿಯಲ್ಲಿ ತೂಗಿ. ತುಂಬ ಹಗುರ ಇದ್ದರೆ ಒಳಗೆ ಸೆಲ್ ಚಿಕ್ಕದಿದೆ. ಕ್ಯಾಮೆರಾದೊಳಗೆ ಸಲೀಸಾಗಿ ಹೋಗಿ ಸಲೀಸಾಗಿ ಬರಬೇಕು. ಬಿಗಿಯಾಗಿದ್ದರೆ ಒತ್ತಿ ತೂರಿಸಬೇಡಿ, ಸ್ವಲ್ಪ ಉಬ್ಬಿದರೂ ಆಮೇಲೆ ಹೊರಗೆ ತೆಗೆಯಲು ಆಗುವುದಿಲ್ಲ. ಮೊದಲ ಕೆಲವು ಸಲ ನೀವು ಎದ್ದಿರುವಾಗ, ಕಣ್ಣೆದುರಿಗೇ ಚಾರ್ಜ್ ಮಾಡಿ. ಬೆಚ್ಚಗಾಗುವುದು ಸಹಜ. ಕೈಯಲ್ಲಿ ಹಿಡಿಯಲು ಆಗದಷ್ಟು ಬಿಸಿಯಾದರೆ ವಾಪಸ್ ಕಳಿಸಿ. ವಾಪಸಾತಿಯ ಅವಧಿ ಮುಗಿಯುವ ಮೊದಲೇ ಇದೆಲ್ಲ ಆಗಬೇಕು.

ಎಷ್ಟು ಬ್ಯಾಟರಿ ಬೇಕು?

ಕ್ಯಾಮೆರಾ ಡಬ್ಬಿಯ ಮೇಲೆ "ಇಷ್ಟು ಫೋಟೊ" ಅಂತ ಬರೆದಿರುತ್ತದಲ್ವಾ, ಅದು ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ಸಿಐಪಿಎ ಹೇಳಿದ ವಿಧಾನದಲ್ಲಿ ಅಳೆದದ್ದು. ಸುಮಾರು 23 ಡಿಗ್ರಿ ಸೆಲ್ಸಿಯಸ್‌ನಲ್ಲಿ, 30 ಸೆಕೆಂಡಿಗೊಂದು ಫೋಟೊ, ಫ್ಲ್ಯಾಶ್ ಇದ್ದರೆ ಒಂದು ಬಿಟ್ಟು ಒಂದಕ್ಕೆ ಫ್ಲ್ಯಾಶ್, ಮಧ್ಯೆ ಮಧ್ಯೆ ಕ್ಯಾಮೆರಾ ಆಫ್ ಮಾಡಿ ಆನ್ ಮಾಡುವುದು. ಒಂದೇ ಸಮನೆ ಹಕ್ಕಿ, ಆಟಗಳ ಫೋಟೊ ತೆಗೆಯುವವರಿಗೆ ಇದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತವೆ. ಪರದೆ ಆನ್ ಇಟ್ಟು ಕಾಯುತ್ತಾ ಕೂರುವವರಿಗೆ, ಚಳಿಯಲ್ಲಿ ಕೆಲಸ ಮಾಡುವವರಿಗೆ ಕಡಿಮೆ. ಹಾಗಾಗಿ ಮೊದಲು ಇರುವ ಒಂದೇ ಬ್ಯಾಟರಿಯಲ್ಲಿ ನಿಮ್ಮ ರೀತಿಯಲ್ಲಿ ಒಂದಿಡೀ ದಿನ ಕೆಲಸ ಮಾಡಿ ನೋಡಿ. ಆಮೇಲೆ ಎಷ್ಟು ಬೇಕು ಅಂತ ನಿರ್ಧರಿಸಿ. ಬಹಳ ಜನರಿಗೆ ಎರಡು ಸಾಕು. ಸುಮ್ಮನೆ ನಾಲ್ಕು ತಂದಿಟ್ಟರೆ ಅವು ಬಳಸದೆಯೇ ಮುದಿಯಾಗುತ್ತವೆ.

ಚಾರ್ಜರ್‌ನಲ್ಲಿ ರಾಜಿ ಬೇಡ

ಲಿಥಿಯಂ ಸೆಲ್‌ಗೆ ಮೊದಲು ಒಂದೇ ಮಟ್ಟದ ಕರೆಂಟ್ ಕೊಟ್ಟು, 4.2 ವೋಲ್ಟ್ ಮುಟ್ಟಿದ ಮೇಲೆ ವೋಲ್ಟೇಜ್ ಅಲ್ಲಿಗೇ ನಿಲ್ಲಿಸಿ, ಕರೆಂಟ್ ತಾನಾಗಿ ಇಳಿದಾಗ ಪೂರ್ತಿ ಬಂದ್ ಮಾಡಬೇಕು. ಈ 4.2ರಲ್ಲಿ ತಪ್ಪಿಗೆ ಜಾಗ ತುಂಬ ಕಡಿಮೆ. ಒಂದು ವೋಲ್ಟಿನ ಹತ್ತನೇ ಒಂದು ಭಾಗ ಮೇಲೆ ಹೋದರೂ ಸೆಲ್‌ನ ಆಯಸ್ಸು ಕುಗ್ಗುತ್ತದೆ, ಇನ್ನೂ ಮೇಲೆ ಹೋದರೆ ಅಪಾಯ. ಆದ್ದರಿಂದ ಆ ಬ್ಯಾಟರಿಗೆಂದೇ ಮಾಡಿದ ಚಾರ್ಜರ್ ಬಳಸಿ. ಎರಡು ತಂತಿಯನ್ನು ಅತ್ತಿತ್ತ ಜರುಗಿಸಿ ಯಾವ ಬ್ಯಾಟರಿಗೆ ಬೇಕಾದರೂ ಹೊಂದಿಸುವ "ಎಲ್ಲಕ್ಕೂ ಆಗುವ" ಚಾರ್ಜರ್‌ಗಳಿವೆ. ಅವು ಬ್ಯಾಟರಿಯ ಬಿಸಿಯನ್ನು ನೋಡುವುದೇ ಇಲ್ಲ. ನಾನು ಯಾರಿಗೂ ಅದನ್ನು ಹೇಳುವುದಿಲ್ಲ.

ಎರಡು ಬ್ಯಾಟರಿ ಕೂರಿಸುವ ಯುಎಸ್‌ಬಿ ಚಾರ್ಜರ್‌ಗಳು ಈಗ ಹೆಚ್ಚು ಬಳಕೆಯಲ್ಲಿವೆ. ಹೆಸರಿರುವ ಕಂಪನಿಯದಾದರೆ ಒಳ್ಳೆಯ ಆಯ್ಕೆಯೇ. ಅದರ ಜಾಹೀರಾತನ್ನು ಲೆಕ್ಕ ಹಾಕಿ ಪರೀಕ್ಷಿಸಿ. 5 ವೋಲ್ಟ್, 2 ಆಂಪ್ ತೊಗೊಳ್ಳುವ ಚಾರ್ಜರ್ ಅಂದರೆ 10 ವ್ಯಾಟ್. 16 ವ್ಯಾಟ್-ಅವರ್‌ನ ಎರಡು ಬ್ಯಾಟರಿ ಅಂದರೆ 32. ಚಾರ್ಜ್ ಆಗುವಾಗ ವ್ಯರ್ಥವಾಗುವ ಶಕ್ತಿಯನ್ನೂ ಸೇರಿಸಿದರೆ ನಾಲ್ಕು ತಾಸಿನ ಹತ್ತಿರ ಬೇಕೇ ಬೇಕು. ಒಂದು ತಾಸಿನಲ್ಲಿ ಎರಡೂ ಫುಲ್ ಅಂತ ಬರೆದಿದ್ದರೆ ಅದು ಸುಳ್ಳು.

ಇನ್ನು ಗೋಡೆಗೆ ಸಿಕ್ಕಿಸುವ ಅಡಾಪ್ಟರ್. ಅದರೊಳಗೆ ಒಂದು ಕಡೆ ಮನೆಯ ಪೂರ್ತಿ ವೋಲ್ಟೇಜ್, ಇನ್ನೊಂದು ಕಡೆ 5 ಅಥವಾ 9 ವೋಲ್ಟ್. ಎರಡರ ನಡುವೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಮತ್ತು ಕೆಲವು ಮಿಲಿಮೀಟರ್ ಖಾಲಿ ಜಾಗ. ಅಗ್ಗ ಮಾಡಲು ಹೋದವರು ಮೊದಲು ಕತ್ತರಿಸುವುದು ಈ ಜಾಗವನ್ನು ಮತ್ತು ಇನ್ಸುಲೇಶನ್ ಪಟ್ಟಿಯನ್ನು. ಅದು ಸೋತರೆ ಮನೆಯ ಕರೆಂಟ್ ಕೇಬಲ್ ಮೂಲಕ ಕ್ಯಾಮೆರಾಗೆ ಬರುತ್ತದೆ. ಬಹಳ ಕ್ಯಾಮೆರಾಗಳ ಮೈ ಲೋಹದ್ದು, ಹಿಡಿದಿರುವುದು ನಾವು. ಈ ಒಂದು ಕಾರಣ ಸಾಕು. ಅಡಾಪ್ಟರ್ ಮೇಲೆ ಚೌಕದೊಳಗೆ ಚೌಕದ ಗುರುತು ಇರಲಿ, ಅದು ಎರಡು ಪದರದ ಇನ್ಸುಲೇಶನ್‌ನ ಗುರುತು. ಐಇಸಿ 62368-1 ಪರೀಕ್ಷೆ ಆಗಿರಲಿ. ಪರೀಕ್ಷೆ ಮಾಡಿದ ಸಂಸ್ಥೆಯ ಹೆಸರೂ ಇರಲಿ.

ಇದಕ್ಕೆ ಹೊಸದಾಗಿ ಖರ್ಚು ಮಾಡಲೇಬೇಕು ಅಂತೇನಿಲ್ಲ. ಹೆಸರಿರುವ ಕಂಪನಿಯ ಫೋನ್ ಅಥವಾ ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿ ಅಡಾಪ್ಟರ್ ನಿಮ್ಮ ಮನೆಯಲ್ಲೇ ಇರಬಹುದು. ಯುಎಸ್‌ಬಿ ಪವರ್ ಡೆಲಿವರಿ, ಅಂದರೆ ಪಿಡಿ ಇರುವ ಅಡಾಪ್ಟರ್ ಕ್ಯಾಮೆರಾ ಜೊತೆ ಮಾತಾಡಿಕೊಂಡು ಅದಕ್ಕೆ ಬೇಕಾದಷ್ಟೇ ವೋಲ್ಟೇಜ್ ಕೊಡುತ್ತದೆ. 65 ವ್ಯಾಟ್‌ನದು ಹಾಕಿದರೆ ಕ್ಯಾಮೆರಾ ಸುಟ್ಟುಹೋಗುತ್ತದೆ ಅನ್ನುವ ಭಯ ಬೇಡ. 9 ವೋಲ್ಟ್, 3 ಆಂಪ್ ಕೊಡುವ ಪಿಡಿ ಅಡಾಪ್ಟರ್ ಹೆಚ್ಚಿನ ಕ್ಯಾಮೆರಾಗಳಿಗೆ ಸಾಕು. ಪಿಡಿ ಇಲ್ಲದ ಹಳೆಯ 5 ವೋಲ್ಟ್ ಅಡಾಪ್ಟರ್‌ನಿಂದ ಕೆಲವು ಕ್ಯಾಮೆರಾಗಳು ಚಾರ್ಜೇ ಆಗುವುದಿಲ್ಲ, ಕ್ಯಾನನ್ ಆರ್5 ಅಂಥದ್ದು.

ಗಂಟೆಗಟ್ಟಲೆ ವಿಡಿಯೊ ಮಾಡುವವರಿಗೆ

ಕ್ಯಾಮೆರಾ ಟ್ರೈಪಾಡ್ ಮೇಲೆ ಒಂದೇ ಕಡೆ ನಿಂತಿದ್ದರೆ ಬ್ಯಾಟರಿ ಬದಲಿಸುತ್ತಾ ಕೂರುವ ಬದಲು ನೇರವಾಗಿ ಕರೆಂಟ್ ಕೊಡುವುದೇ ವಾಸಿ. ಮೊದಲು ನೋಡಬೇಕಾದದ್ದು ನಿಮ್ಮ ಕ್ಯಾಮೆರಾ ಯುಎಸ್‌ಬಿಯಿಂದಲೇ ನಡೆಯುತ್ತದೆಯಾ ಅಂತ. ಯುಎಸ್‌ಬಿಯಿಂದ ಚಾರ್ಜ್ ಆಗುವುದು ಬೇರೆ, ಆನ್ ಇದ್ದಾಗ ನಡೆಯುವುದು ಬೇರೆ. ಕೈಪಿಡಿಯಲ್ಲಿ ಎರಡನ್ನೂ ಬೇರೆ ಬೇರೆ ಹುಡುಕಿ. ನಡೆಯುವುದಾದರೆ ಅದಕ್ಕಿಂತ ಅಗ್ಗದ, ಸುರಕ್ಷಿತ ದಾರಿ ಇನ್ನೊಂದಿಲ್ಲ.

ನಡೆಯದಿದ್ದರೆ ಡಮ್ಮಿ ಬ್ಯಾಟರಿ. ಬ್ಯಾಟರಿಯ ಆಕಾರದ ಪ್ಲಾಸ್ಟಿಕ್ ತುಂಡು, ಅದರಿಂದ ಹೊರಬರುವ ತಂತಿ. ಕ್ಯಾಮೆರಾ ಕಂಪನಿಗಳು ಇದನ್ನು ಡಿಸಿ ಕಪ್ಲರ್ ಅನ್ನುತ್ತವೆ. ಕ್ಯಾನನ್‌ನ ಡಿಆರ್-ಇ6, ನಿಕಾನ್‌ನ ಇಪಿ-5ಬಿ ಈ ಜಾತಿಯವು. ಮೂಲದ್ದರ ಬೆಲೆ ನಿಜಕ್ಕೂ ಜಾಸ್ತಿ, ಅಡಾಪ್ಟರ್ ಬೇರೆ ಕೊಳ್ಳಬೇಕು. ಬೇರೆ ಕಂಪನಿಯದು ಕೊಳ್ಳುವುದಾದರೆ ಯುಎಸ್‌ಬಿ-ಸಿ ಪಿಡಿಯಿಂದ ನಡೆಯುವಂಥದ್ದು ನೋಡಿ. ಆಗ ಮನೆಯ ಕರೆಂಟ್ ಇರುವ ಭಾಗ ನೀವು ನಂಬುವ ಅಡಾಪ್ಟರ್‌ನಲ್ಲೇ ಉಳಿಯುತ್ತದೆ. ಗೋಡೆಗೇ ಸಿಕ್ಕಿಸುವ ಹೆಸರಿಲ್ಲದ ಅಡಾಪ್ಟರ್ ಜೊತೆ ಬರುವ ಕಟ್ಟನ್ನು ನಾನು ಕೊಳ್ಳುವುದಿಲ್ಲ.

ಡಮ್ಮಿಯಲ್ಲಿ ರಕ್ಷಣೆಗೆ ಏನೂ ಇಲ್ಲ ಅಂತಲೇ ತಿಳಿದು ನಡೆಯಿರಿ. ಎರಡು ಸೆಲ್‌ನ ಬ್ಯಾಟರಿ ಇರುವ ಕ್ಯಾಮೆರಾ 8.4 ವೋಲ್ಟ್‌ವರೆಗೆ ತಡೆಯುತ್ತದೆ. 12 ವೋಲ್ಟಿನ ಯಾವುದನ್ನೂ ಅದಕ್ಕೆ ನೇರ ಜೋಡಿಸಬಾರದು. ಹಳೆಯ, ಭಾರವಾದ, ವೋಲ್ಟೇಜ್ ಸ್ಥಿರವಾಗಿಡುವ ರೆಗ್ಯುಲೇಟರ್ ಇಲ್ಲದ ಅಡಾಪ್ಟರ್‌ಗಳು ಕಡಿಮೆ ಕರೆಂಟ್ ಎಳೆದಾಗ ಲೇಬಲ್‌ನಲ್ಲಿ ಬರೆದದ್ದಕ್ಕಿಂತ ಎಷ್ಟೋ ಹೆಚ್ಚು ವೋಲ್ಟ್ ಕೊಡುತ್ತವೆ. ಪಿನ್ ಸರಿಹೊಂದಿತು ಅಂತ ಹಾಕಬೇಡಿ. ಗುಂಡನೆಯ ಪಿನ್‌ನ ಒಳಗೆ ಪ್ಲಸ್ಸಾ, ಮೈನಸ್ಸಾ ಅನ್ನುವ ಚಿತ್ರ ಎರಡೂ ಕಡೆ ಒಂದೇ ಇರಬೇಕು. ವೋಲ್ಟ್ ಸರಿಯಾಗಿರಲಿ. ಆಂಪ್ ಬೇಕಾದದ್ದಕ್ಕಿಂತ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಇದ್ದರೆ ರೆಕಾರ್ಡಿಂಗ್ ಮಧ್ಯೆ ಕ್ಯಾಮೆರಾ ಆಫ್ ಆಗುತ್ತದೆ.

ಪವರ್ ಬ್ಯಾಂಕೋ, ಇನ್ನೊಂದು ಬ್ಯಾಟರಿಯೋ?

ಪವರ್ ಬ್ಯಾಂಕ್ ಮೇಲಿನ 10000 ಎಂಎಎಚ್ ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕದ್ದು. ಅಂದರೆ 37 ವ್ಯಾಟ್-ಅವರ್. ವ್ಯರ್ಥವಾಗುವುದನ್ನು ಕಳೆದರೆ 16 ವ್ಯಾಟ್-ಅವರ್‌ನ ಕ್ಯಾಮೆರಾ ಬ್ಯಾಟರಿಯನ್ನು ಹೆಚ್ಚುಕಮ್ಮಿ ಎರಡು ಸಲ ತುಂಬಬಹುದು. ನಿಮ್ಮ ಕ್ಯಾಮೆರಾ ಯುಎಸ್‌ಬಿಯಿಂದ ಚಾರ್ಜ್ ಆಗುವುದಾದರೆ ಎರಡನೇ ಬ್ಯಾಟರಿಗಿಂತ ಇದು ಲಾಭ, ಫೋನಿಗೂ ಆಗುತ್ತದೆ. ಆದರೆ ಖಾಲಿಯಾದ ತಕ್ಷಣ ಕೆಲಸ ಮುಂದುವರಿಯಬೇಕು ಅಂದರೆ ಇನ್ನೊಂದು ಬ್ಯಾಟರಿಯೇ ಬೇಕು.

ವಿಮಾನದಲ್ಲಿ ಹೋಗುವವರು ನೆನಪಿಡಿ. ಕ್ಯಾಮೆರಾದಿಂದ ಹೊರಗಿರುವ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಎಲ್ಲವೂ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, 160 ದಾಟಿದರೆ ಒಯ್ಯುವಂತಿಲ್ಲ. ಲೋಹದ ಪಟ್ಟಿಗಳಿಗೆ ಮುಚ್ಚಳ ಹಾಕಿ ಅಥವಾ ಟೇಪ್ ಅಂಟಿಸಿ. ಕೀಲಿಕೈ, ನಾಣ್ಯ ತಾಗಿ ಶಾರ್ಟ್ ಆಗುವುದು ಚೀಲದೊಳಗೇ.

ಡಬಲ್ ಎ ಸೆಲ್ ಹಾಕುವ ಕ್ಯಾಮೆರಾ, ಫ್ಲ್ಯಾಶ್

ಇಲ್ಲಿ ಉತ್ತರ ಸುಲಭ. ಎನೆಲೂಪ್ ತರಹದ, ಇಟ್ಟಲ್ಲೇ ಬೇಗ ಖಾಲಿಯಾಗದ ನಿಕ್ಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ ತೊಗೊಳ್ಳಿ. ವೋಲ್ಟೇಜ್ 1.2 ಮಾತ್ರ, ಆಲ್ಕಲೈನ್ 1.5 ಅಂತ ಹಿಂಜರಿಯಬೇಡಿ. ಕ್ಯಾಮೆರಾ ಜೋರಾಗಿ ಕರೆಂಟ್ ಎಳೆದಾಗ ಆಲ್ಕಲೈನ್ ಬೇಗ ಕುಸಿಯುತ್ತದೆ, ಇದು ಗಟ್ಟಿಯಾಗಿ ನಿಲ್ಲುತ್ತದೆ. ಆಲ್ಕಲೈನ್ ಒಳಗೇ ಉಳಿದರೆ ಸೋರಿ ಕಾಂಟ್ಯಾಕ್ಟ್‌ಗಳನ್ನು ತಿಂದುಹಾಕುತ್ತದೆ. ಕೊರೆಯುವ ಚಳಿಗೆ ಹೋಗುವುದಾದರೆ ಒಂದೇ ಸಲ ಬಳಸುವ 1.5 ವೋಲ್ಟಿನ ಲಿಥಿಯಂ ಸೆಲ್ ಹಗುರ, ಬಾಳಿಕೆಯೂ ಚೆನ್ನ, ಬೆಲೆ ಮಾತ್ರ ಜಾಸ್ತಿ.

ಒಂದು ಅಪಾಯ ಗೊತ್ತಿರಲಿ. ಡಬಲ್ ಎ ಅಳತೆಯಲ್ಲೇ 14500 ಅನ್ನುವ 3.7 ವೋಲ್ಟಿನ ಲಿಥಿಯಂ ಅಯಾನ್ ಸೆಲ್ ಸಿಗುತ್ತದೆ. ನಾಲ್ಕು ಸೇರಿದರೆ 6 ವೋಲ್ಟ್ ಇರಬೇಕಾದ ಕಡೆ ಸುಮಾರು 15 ವೋಲ್ಟ್ ಆಗುತ್ತದೆ. ಕ್ಯಾಮೆರಾ ಉಳಿಯುವುದಿಲ್ಲ.

ಹಳೆಯ ಕ್ಯಾಮೆರಾ ಇದ್ದರೆ

ಮೂಲ ಬ್ಯಾಟರಿ ತಯಾರಿಕೆಯೇ ನಿಂತಿರುವ ಕ್ಯಾಮೆರಾಗಳಿಗೆ ನನ್ನ ಸಲಹೆ ಬದಲಾಗುತ್ತದೆ. ಎಲ್ಲೋ ಉಳಿದ ಹಳೆಯ ದಾಸ್ತಾನಿನ ಮೂಲ ಬ್ಯಾಟರಿಯನ್ನು ಹುಡುಕಿ ಜಾಸ್ತಿ ಬೆಲೆ ಕೊಡಬೇಡಿ. ಲಿಥಿಯಂ ಅಯಾನ್ ಸೆಲ್ ಬಳಸದಿದ್ದರೂ ವರ್ಷಗಳು ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತದೆ. ಪ್ಯಾಕ್ ಒಡೆಯದ ಹತ್ತು ವರ್ಷದ ಮೂಲ ಬ್ಯಾಟರಿಗಿಂತ ಈಚೆಗೆ ತಯಾರಾದ ಬೇರೆ ಕಂಪನಿಯ ಬ್ಯಾಟರಿ ಒಳ್ಳೆಯದು. ತಯಾರಿಕೆಯ ತಿಂಗಳು, ವರ್ಷ ಕೇಳಿಯೇ ಕೊಳ್ಳಿ. ತಂದ ಮೇಲೆ ಬಳಸದ ದಿನಗಳಲ್ಲಿ ಅರ್ಧದಷ್ಟು ಚಾರ್ಜ್ ಉಳಿಸಿ ತಂಪಾದ, ಒಣ ಜಾಗದಲ್ಲಿಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಬೇಡಿ. ಹಳೆಯದು ಉಬ್ಬಿದ್ದರೆ ಚುಚ್ಚುವುದು, ಒತ್ತುವುದು ಬೇಡ. ಕಾಂಟ್ಯಾಕ್ಟ್‌ಗಳಿಗೆ ಟೇಪ್ ಹಚ್ಚಿ, ಕಸದ ಬುಟ್ಟಿಗಲ್ಲ, ಬ್ಯಾಟರಿ ತೊಗೊಳ್ಳುವ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ.